ಪದ ಪರಿಚಯ: ‘ಪ್ಲಸ್ ಟೂ’ ಮತ್ತು ‘ಡ್ರಾಪ್’

ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಒಂದು ಮೆಸೇಜು ಕಳಿಸಿದ್ದ. ‘ಅಣ್ಣಾ, ವ್ಯಾನಿಗೆ ಪ್ಲಸ್ ಟೂ ಹಾಕಿಸಿ 40 ಡ್ರಾಪ್ ಮಾಡಿಸೋಣ ಅಂತಿದೀನಿ. ಉಜ್ಜುತ್ತಾ?’ ನನ್ನ ಹೆಂಡತಿ ಅದನ್ನು ಓದಿ, ‘ಪ್ಲಸ್ ಟೂ ಅಂದ್ರೆ ಪಿಯುಸಿ ಅಲ್ವಾ? ಪಿಯುಸಿ ಮುಗಿಸಿ ಯಾರನ್ನ 40 ಕಿಲೋಮೀಟರ್ ಡ್ರಾಪ್ ಮಾಡ್ತಾನಂತೆ?’ ಅಂದಳು. ನಾನು ಟೈರ್ ಅಂಗಡಿಯಲ್ಲೇ ತಲೆ ನರೆಸಿಕೊಂಡವನು. ನನಗೆ ಅರ್ಥವಾಯಿತು: ದೊಡ್ಡ ರಿಮ್ ಹಾಕಿಸಿ ಗಾಡಿ ತಗ್ಗಿಸಿದರೆ ಟೈರು ಮೈಗೆ ಉಜ್ಜುತ್ತಾ ಅನ್ನುವುದು ಅವನ ಪ್ರಶ್ನೆ. ಆದರೆ ಅವಳಿಗೆ ಬಿಡಿಸಿ ಹೇಳಲು ಹೋದಾಗ, ಈ ಎರಡು ಪುಟ್ಟ ಪದಗಳಲ್ಲಿ ಎಷ್ಟೊಂದು ಲೆಕ್ಕ ಇದೆ ಅಂತ ಗೊತ್ತಾಯಿತು.

ತಮ್ಮನ ಗಾಡಿ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್. ಅದರಲ್ಲೂ ಟಿ5, ಅಂದರೆ 2003ರಲ್ಲಿ ಬಂದು 2015ರಲ್ಲಿ ಟಿ6ಗೆ ಜಾಗ ಬಿಟ್ಟುಕೊಟ್ಟ ಮಾದರಿ. ಬ್ರಿಟನ್ನಿನಲ್ಲಿ ಈ ವ್ಯಾನಿನ ಹುಚ್ಚು ಜಾಸ್ತಿ. ಸಾಮಾನು ಹೊತ್ತು ಸವೆದ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುತ್ತಾರೆ. ಒಳಗೆ ಮಂಚ, ಒಲೆ, ಫ್ರಿಜ್ ಕೂರಿಸಿ ಕ್ಯಾಂಪರ್ ಮಾಡುತ್ತಾರೆ. ಆಮೇಲೆ ಹೊರಗಿನ ಅಲಂಕಾರ ಶುರು. ದೊಡ್ಡ ಅಲಾಯ್ ವೀಲು, ನೆಲಕ್ಕೆ ಹತ್ತಿರ ಕೂತ ಮೈ. ನೋಡಲು ಚೆನ್ನಾಗೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ.

ಮೊದಲು ‘ಪ್ಲಸ್ ಟೂ’. ಕಂಪನಿಯಿಂದ ಬಂದ ರಿಮ್ಮಿಗಿಂತ ಎರಡು ಇಂಚು ದೊಡ್ಡ ರಿಮ್ ಹಾಕಿಸುವುದು. 16 ಇದ್ದದ್ದು 18 ಆಗುತ್ತದೆ. ಒಂದೇ ಇಂಚು ಏರಿದರೆ ಪ್ಲಸ್ ಒನ್. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದರ ಷರತ್ತು. ರಿಮ್ ದೊಡ್ಡದಾದಷ್ಟೂ ಟೈರಿನ ಪಕ್ಕದ ಗೋಡೆ ಚಿಕ್ಕದಾಗಬೇಕು. ಟೈರಿನ ಒಟ್ಟು ಎತ್ತರ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಬೇಕು. ಹಾಗೆ ಉಳಿದರೆ ಅದು ಪ್ಲಸ್ ಟೂ. ಉಳಿಯದಿದ್ದರೆ ಸುಮ್ನೆ ದೊಡ್ಡ ಚಕ್ರ, ಅಷ್ಟೇ.

ಅವನ ಹಳೆ ಟೈರಿನ ಫೋಟೋ ಕಳಿಸು ಅಂದೆ. ಮೈಮೇಲೆ ಹೀಗಿತ್ತು: 215/65 ಆರ್ 16 ಸಿ 106/104 ಟಿ. ಇದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. 215 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಳತೆ ಅಲ್ಲ, ಶೇಕಡಾ ಲೆಕ್ಕ. ಗೋಡೆಯ ಎತ್ತರ ಅಗಲದ ಶೇ 65ರಷ್ಟು, ಅಂದರೆ ಸುಮಾರು 140 ಮಿ.ಮೀ. ‘ಆರ್’ ಅಂದರೆ ರೇಡಿಯಲ್, ಒಳಗಿನ ದಾರಗಳು ಅಡ್ಡಲಾಗಿ ಹಾಯ್ದಿರುವ ಬಗೆಯ ಟೈರು. ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಜನ ಅದನ್ನು ರೇಡಿಯಸ್ ಅಂದುಕೊಂಡಿರುತ್ತಾರೆ. 16 ಅನ್ನುವುದು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಹೌದು, ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಇವೆ. ‘ಸಿ’ ಅಂದರೆ ಕಮರ್ಷಿಯಲ್, ಭಾರ ಹೊರುವ ಗಾಡಿಯ ಗಟ್ಟಿ ಟೈರು. 106 ಅನ್ನುವುದು ಭಾರದ ಕೋಡ್. ಈ ಒಂದು ಟೈರು 950 ಕೆ.ಜಿ. ಹೊರುತ್ತದೆ ಅಂತ ಅರ್ಥ. ಲಾರಿಯಂತೆ ಜೋಡಿ ಚಕ್ರ ಇದ್ದರೆ 104, ಅಂದರೆ ತಲಾ 900 ಕೆ.ಜಿ. ಕೊನೆಯ ‘ಟಿ’ ವೇಗದ ಮಿತಿ, ಗಂಟೆಗೆ 190 ಕಿ.ಮೀ.

ಈಗ ಲೆಕ್ಕ ಹಾಕಿ. 16 ಇಂಚು ಅಂದರೆ 406 ಮಿ.ಮೀ. ಮೇಲೆ ಕೆಳಗೆ ಎರಡು ಗೋಡೆ ಸೇರಿ 280. ಒಟ್ಟು 686. ಇದೇ ವ್ಯಾನಿಗೆ 18 ಇಂಚಿನಲ್ಲಿ ಹಾಕುವ ಸೈಜು 255/45. ರಿಮ್ 457, ಗೋಡೆಗಳು 230, ಒಟ್ಟು 687. ವ್ಯತ್ಯಾಸ ಒಂದೇ ಮಿಲಿಮೀಟರು! ನಡುವಿನ 17ಕ್ಕೆ ಹಾಕುವ 235/55 ತಗೊಂಡರೂ 690. ಇದು ಕಾಕತಾಳೀಯ ಅಲ್ಲ. ಸೈಜುಗಳನ್ನು ಹಾಗೆ ನೋಡಿಯೇ ಆರಿಸಿದ್ದಾರೆ.

ಹಾಗಾಗಿ ಸರಿಯಾಗಿ ಮಾಡಿದ ಪ್ಲಸ್ ಟೂನಿಂದ ಗಾಡಿ ಎತ್ತರವಾಗುವುದಿಲ್ಲ. ಚಕ್ರಕ್ಕೂ ಮೇಲಿನ ಮಡ್‌ಗಾರ್ಡ್ ಕಮಾನಿಗೂ ನಡುವಿನ ಸಂದು ತುಂಬುವುದೂ ಇಲ್ಲ. ಕಣ್ಣಿಗೆ ಮಾತ್ರ ಚಕ್ರ ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಕಪ್ಪು ರಬ್ಬರ್ ಕಡಿಮೆಯಾಗಿ ಹೊಳೆಯುವ ಲೋಹ ಜಾಸ್ತಿಯಾಗಿದೆ. ಬೆಲೆ? 140 ಇದ್ದ ಗೋಡೆ 115ಕ್ಕೆ ಇಳಿದಿದೆ. ಗುಂಡಿಗೆ ಬಿದ್ದಾಗ ಮೊದಲ ಪೆಟ್ಟು ತಡೆಯುವ ಗಾಳಿಯ ದಿಂಬು ಅಷ್ಟು ತೆಳುವಾಯಿತು. ಮಳೆಗಾಲದಲ್ಲಿ ನಮ್ಮ ಅಂಗಡಿಗೆ ಸೊಟ್ಟ ರಿಮ್ ಹಿಡಿದುಕೊಂಡು ಬರುವವರು ಹೆಚ್ಚಾಗಿ ಹೀಗೆ ದೊಡ್ಡ ರಿಮ್ ಹಾಕಿಸಿಕೊಂಡವರೇ.

ಷರತ್ತು ಮುರಿದರೆ ಏನಾಗುತ್ತದೆ? 45ರ ಬದಲು 255/55 ಆರ್ 18 ಅಗ್ಗಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಒಟ್ಟು ಎತ್ತರ 738 ಆಗುತ್ತದೆ, ಶೇ 7.5ರಷ್ಟು ಜಾಸ್ತಿ. ಸ್ಪೀಡೋಮೀಟರ್ ಲೆಕ್ಕ ಹಾಕುವುದು ಚಕ್ರದ ಸುತ್ತುಗಳನ್ನು. ಚಕ್ರ ಬದಲಾದದ್ದು ಅದಕ್ಕೆ ಗೊತ್ತಿಲ್ಲ. ಅದರ ಲೆಕ್ಕ 100 ಆದಾಗ ಗಾಡಿ 107ರಲ್ಲಿ ಓಡುತ್ತಿರುತ್ತದೆ. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅನ್ನುವುದು ಯುರೋಪಿನ ನಿಯಮ.

ಇದರ ಜೊತೆಗೆ ಬರುವ ಇನ್ನೊಂದು ಪದ ‘ಇಟಿ’. ರಿಮ್ಮಿನ ಒಳಮೈಯಲ್ಲಿ ‘ಇಟಿ 45’ ಅಂತ ಅಚ್ಚಾಗಿರುತ್ತದೆ. ಜರ್ಮನ್ನಿನ ‘ಐನ್‌ಪ್ರೆಸ್‌ಟೀಫ’ ಅನ್ನುವ ಪದದ ಮೊಟಕು ಅದು. ನಾವು ಅಂಗಡಿಯಲ್ಲಿ ಆಫ್‌ಸೆಟ್ ಅನ್ನುತ್ತೇವೆ. ರಿಮ್ಮಿನ ಅಗಲದ ನಟ್ಟ ನಡುವೆ ಒಂದು ಗೆರೆ ಎಳೆಯಿರಿ. ಗಾಡಿಯ ಹಬ್‌ಗೆ, ಅಂದರೆ ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಭಾಗಕ್ಕೆ, ತಾಗುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಅನ್ನುವುದೇ ಈ ಸಂಖ್ಯೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ.

ತಮ್ಮ ನೋಡಿಟ್ಟಿದ್ದ ಅಲಾಯ್ 8.5 ಇಂಚು ಅಗಲ, ಇಟಿ 45. ಹಳೆ ಕಬ್ಬಿಣದ ರಿಮ್ 6.5 ಇಂಚು, ಇಟಿ 51. ‘ಆರೇ ಮಿಲಿಮೀಟರ್ ವ್ಯತ್ಯಾಸ ಅಣ್ಣಾ’ ಅಂದ. ಅಲ್ಲ. ಅಗಲವನ್ನೂ ಸೇರಿಸಬೇಕು. ಸೇರಿಸಿದರೆ ರಿಮ್ಮಿನ ಹೊರ ಅಂಚು 31 ಮಿ.ಮೀ. ಹೊರಗೆ, ಒಳ ಅಂಚು 19 ಮಿ.ಮೀ. ಒಳಗೆ ಹೋಗುತ್ತದೆ. ಹೊರಗೆ ಮಡ್‌ಗಾರ್ಡ್, ಒಳಗೆ ಸಸ್ಪೆನ್ಷನ್ನಿನ ಕಂಬ. ಉಜ್ಜುವುದು ಶುರುವಾಗುವುದು ಇಲ್ಲೇ.

ಅವನು ನೋಡಿದ್ದು ಬಿಎಂಡಬ್ಲ್ಯು ಕಾರಿನಿಂದ ಬಿಚ್ಚಿದ ಅಲಾಯ್. ಟಿ5ರ ಬೋಲ್ಟುಗಳ ಲೆಕ್ಕ 5/120, ಐದು ಬೋಲ್ಟು, 120 ಮಿ.ಮೀ. ವೃತ್ತದಲ್ಲಿ. ಬಹಳಷ್ಟು ಬಿಎಂಡಬ್ಲ್ಯುಗಳದ್ದೂ ಅದೇ. ಹಾಗಾಗಿ ಚಕ್ರ ಕೂರುವ ಹಾಗೆ ಕಾಣುತ್ತದೆ. ಆದರೆ ನಡುವಿನ ತೂತು ಬಿಎಂಡಬ್ಲ್ಯುದು 72.6 ಮಿ.ಮೀ., ಟಿ5ರದ್ದು 65.1. ನಡುವೆ ಉಂಗುರ ಹಾಕಬೇಕು. ಬೋಲ್ಟಿನ ತಲೆ ಕೂರುವ ಕುಳಿಯೂ ಬೇರೆ. ಫೋಕ್ಸ್‌ವ್ಯಾಗನ್ನಿನದು ಗುಂಡಗೆ, ಬಿಎಂಡಬ್ಲ್ಯುದು ಶಂಕುವಿನಂತೆ. ಹಳೆ ಬೋಲ್ಟನ್ನೇ ತಿರುಗಿಸಿದರೆ ಬಿಗಿಯಾದಂತೆ ಅನಿಸುತ್ತದೆ, ನಿಜವಾಗಿ ಅಂಚಿನಲ್ಲಿ ಮಾತ್ರ ಕಚ್ಚಿರುತ್ತದೆ. ಇಷ್ಟಕ್ಕೆಲ್ಲ ಮದ್ದಿದೆ. ಮದ್ದಿಲ್ಲದ್ದು ಒಂದೇ. ಆ ರಿಮ್ಮಿನ ಹಿಂಭಾಗದಲ್ಲಿ 690 ಕೆ.ಜಿ. ಅಂತ ಅಚ್ಚಾಗಿತ್ತು. ವ್ಯಾನಿನ ಹಿಂದಿನ ಆಕ್ಸೆಲ್ 1,600 ಕೆ.ಜಿ. ಹೊರುವುದಾದರೆ ಒಂದೊಂದು ಚಕ್ರದ ಪಾಲು 800. ಕಾರಿನ ರಿಮ್ಮು ಕಾರಿನ ಭಾರಕ್ಕೆ ಮಾಡಿದ್ದು. ‘ಬೇಡ’ ಅಂದೆ. ಅವನಿಗೆ ಬೇಜಾರಾಯಿತು, ಚೆನ್ನಾಗಿದ್ದವು ಪಾಪ.

ಇನ್ನು ‘ಡ್ರಾಪ್’. ಸಸ್ಪೆನ್ಷನ್ ತಗ್ಗಿಸಿ ಗಾಡಿಯ ಮೈಯನ್ನು ಕೆಳಗಿಳಿಸುವುದು. ‘40 ಡ್ರಾಪ್’ ಅಂದರೆ 40 ಮಿ.ಮೀ. ಕೆಳಗೆ. ನಮ್ಮ ಕಡೆ ‘ಗಾಡಿ ಲೋ ಮಾಡ್ಸೋದು’ ಅನ್ನುತ್ತಾರೆ. ಸಂದು ತುಂಬುವುದು ಚಕ್ರದಿಂದಲ್ಲ, ಇದರಿಂದ. ಗಿಡ್ಡ ಸ್ಪ್ರಿಂಗ್ ಹಾಕುವುದು ಒಂದು ದಾರಿ. ಎತ್ತರ ಹೊಂದಿಸಬಹುದಾದ ಕಾಯಿಲೋವರ್, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಜೋಡಣೆ, ಇನ್ನೊಂದು. ದುಡ್ಡಿದ್ದವರಿಗೆ ಗಾಳಿ ತುಂಬುವ ಚೀಲಗಳೂ ಇವೆ, ಬೇಕೆಂದಾಗ ಏರಿಸಿ ಇಳಿಸಬಹುದು.

ವ್ಯಾನಿನ ವಿಷಯದಲ್ಲಿ ಜನ ಎಡವುವುದು ಈ ಪದದಲ್ಲೇ. ಖಾಲಿ ವ್ಯಾನನ್ನು ಪಕ್ಕದಿಂದ ನೋಡಿ. ಹಿಂಭಾಗ ಸ್ವಲ್ಪ ಎದ್ದುಕೊಂಡಂತಿರುತ್ತದೆ. ಹಿಂದಿನ ಚಕ್ರದ ಮೇಲೆ ಕೈ ತೂರುವಷ್ಟು ಸಂದು. ಅಸಹ್ಯ ಅನಿಸುತ್ತದೆ, ತುಂಬಿಸಿಬಿಡೋಣ ಅನಿಸುತ್ತದೆ. ಆದರೆ ಅದು ಸಾಮಾನಿಗೆ ಬಿಟ್ಟ ಜಾಗ. ಭಾರ ಹೇರಿದಾಗ ಮೈ ಅಲ್ಲಿಗೆ ಇಳಿಯುತ್ತದೆ. ತೀರಾ ಇಳಿದರೆ ಕೊನೆಯಲ್ಲಿ ಒಂದು ರಬ್ಬರ್ ತುಂಡು ಇರುತ್ತದೆ, ಬಂಪ್ ಸ್ಟಾಪ್ ಅಂತ. ಅಲ್ಲಿಯವರೆಗೆ 80 ಮಿ.ಮೀ. ಇದ್ದರೆ, 40 ಡ್ರಾಪ್ ಮಾಡಿಸಿದ ದಿನವೇ ಅರ್ಧ ಖರ್ಚಾಯಿತು. ಉಳಿದ ಅರ್ಧದಲ್ಲಿ ಜನ, ಸಾಮಾನು, ರಸ್ತೆ ಎಲ್ಲ ಮುಗಿಯಬೇಕು. ತಮ್ಮನದು ಕ್ಯಾಂಪರ್ ಬೇರೆ. ಮಂಚ, ಕಪಾಟು, ಬ್ಯಾಟರಿ, ನೀರಿನ ಟ್ಯಾಂಕು ಸದಾ ಮೈಮೇಲೇ ಇರುತ್ತವೆ. ಅದು ಯಾವತ್ತೂ ಖಾಲಿ ವ್ಯಾನೇ ಅಲ್ಲ.

ನನಗಿದು ಗೊತ್ತಾದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಓಮ್ನಿಯಿಂದ. 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು, 1988ರಲ್ಲಿ ಓಮ್ನಿ ಅಂತ ಹೆಸರಾಗಿ, 2019ರವರೆಗೆ ತಯಾರಾದ ಅದೇ ಡಬ್ಬಿ ಗಾಡಿ. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಕಮಾನ್ ಪಟ್ಟಿ. ವಯಸ್ಸಿನ ಹುಚ್ಚು, ಒಂದು ಗ್ಯಾರೇಜಿನಲ್ಲಿ ಲೋ ಮಾಡಿಸಿದೆ. ಅಲ್ಲಿಯವನು ಮುಂದಿನ ಕಾಯಿಲಿನಲ್ಲಿ ಒಂದು ಸುತ್ತು ಕತ್ತರಿಸಿದ, ಹಿಂದೆ ಎರಡೂ ಕಡೆ ಒಂದೊಂದು ಪಟ್ಟಿ ತೆಗೆದ. ಗಾಡಿ ಸಮವಾಗಿ ತಗ್ಗಿತು, ನೋಡಲು ಭರ್ಜರಿ.

ಆದರೆ ಈ ಎರಡು ಕೆಲಸ ತದ್ವಿರುದ್ಧ. ಎಂಟು ಸುತ್ತಿನ ಕಾಯಿಲನ್ನು ಏಳು ಮಾಡಿದರೆ ಅದು ಸುಮಾರು ಶೇ 14ರಷ್ಟು ಬಿರುಸಾಗುತ್ತದೆ, ಯಾಕೆಂದರೆ ಅದೇ ಭಾರಕ್ಕೆ ಬಗ್ಗಲು ತಂತಿ ಕಡಿಮೆ. ಕಮಾನಿನ ಪಟ್ಟಿ ತೆಗೆದರೆ ಅದು ಮೆತ್ತಗಾಗುತ್ತದೆ, ಯಾಕೆಂದರೆ ಹೊರುವವರಲ್ಲಿ ಒಬ್ಬ ಕಡಿಮೆಯಾದ. ಮುಂದೆ ಕಲ್ಲು, ಹಿಂದೆ ಹತ್ತಿ. ಇಬ್ಬರೇ ಕೂತು ಊರು ಸುತ್ತುವಾಗ ಗೊತ್ತೇ ಆಗಲಿಲ್ಲ. ತೀರ್ಥಹಳ್ಳಿಗೆ ಮದುವೆಗೆಂದು ಶಿವಮೊಗ್ಗದಿಂದ ಏಳು ಜನ ಹೊರಟ ದಿನ ಗೊತ್ತಾಯಿತು. ಪ್ರತಿ ಹಂಪಿಗೂ ಹಿಂದೆ ‘ಧಡ್’. ವಾಪಸ್ ಬರುವಾಗ ಮಾವ ಎರಡು ಹಲಸಿನಹಣ್ಣು ಬೇರೆ ಹೇರಿದರು. ಸ್ವಲ್ಪ ದೂರ ಬರುವಷ್ಟರಲ್ಲಿ ಹಲಸಿನ ಘಮದ ಜೊತೆ ಸುಟ್ಟ ರಬ್ಬರಿನ ವಾಸನೆ. ಇಳಿದು ನೋಡಿದರೆ ಹಿಂದಿನ ಟೈರಿನ ಭುಜ ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು.

ಹಂಪ್ ಅಂದಾಗ ಒಂದು ಮಾತು. ಇಂಗ್ಲೆಂಡಿನಲ್ಲಿ ಹಂಪು 100 ಮಿ.ಮೀ.ಗಿಂತ ಎತ್ತರ ಇರಬಾರದು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯೂ ಎತ್ತರ 10 ಸೆಂ.ಮೀ., ಉದ್ದ 3.7 ಮೀಟರ್. ಪುಸ್ತಕದಲ್ಲಿ ಎರಡೂ ಒಂದೇ. ನಿಮ್ಮ ಬೀದಿಯ ಹಂಪಿಗೆ ಟೇಪು ಹಿಡಿದು ನೋಡಿ, ನಗು ಬರುತ್ತದೆ.

ಡ್ರಾಪ್ ಮಾಡಿಸಿದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವುದು, ಮಾಡಿಸಲೇಬೇಕು. ಟಿ5ರ ಹಿಂಭಾಗದ ತೋಳುಗಳು ಓರೆಯಾಗಿ ಕೂತಿರುತ್ತವೆ. ಮೈ ಇಳಿದಂತೆ ಚಕ್ರದ ತಲೆ ಒಳಗೆ ವಾಲುತ್ತದೆ. ಬಿಟ್ಟರೆ ಟೈರಿನ ಒಳ ಅಂಚು ಸವೆದು ತಂತಿ ಕಾಣುತ್ತದೆ, ಹೊರಗಿನಿಂದ ನೋಡಿದವರಿಗೆ ಹೊಸದರಂತೆಯೇ ಇರುತ್ತದೆ. ಹೆಡ್‌ಲೈಟಿನ ಕೋನವನ್ನೂ ನೋಡಿಸಬೇಕು. ಇಂಗ್ಲೆಂಡಿನಲ್ಲಿ ವಿಮಾ ಕಂಪನಿಗೂ ತಿಳಿಸಬೇಕು.

ಇಲ್ಲಿ ಇದನ್ನು ಓದಿ ಆಸೆಪಟ್ಟವರಿಗೆ: ನಮ್ಮಲ್ಲಿ ಕಾನೂನು ಬಿಗಿ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಇದೆ. ಆರು ತಿಂಗಳವರೆಗೆ ಜೈಲೂ ಆಗಬಹುದು.

ತಮ್ಮ ಕೊನೆಗೆ ವ್ಯಾನಿಗೆಂದೇ ಮಾಡಿದ 18ರ ರಿಮ್ ತಗೊಂಡ. ಅಗಲ 8 ಇಂಚು, ಇಟಿ 50. ಟೈರು 255/45, ಕೋಡ್ 103, ಅಂದರೆ ಒಂದಕ್ಕೆ 875 ಕೆ.ಜಿ. ಸ್ಪ್ರಿಂಗು 40ರದ್ದೇ. ‘ಉಜ್ಜುತ್ತಾ?’ ಅನ್ನುವ ಪ್ರಶ್ನೆಗೆ ಮಾತ್ರ ನಾನು ಇಲ್ಲಿಂದ ಉತ್ತರ ಕೊಡಲಾರೆ ಅಂದೆ. ಮಗಳ ಆಟದ ಮೆತ್ತನೆ ಜೇಡಿಮಣ್ಣನ್ನು ಕಡಲೆಯುಂಡೆಯಷ್ಟು ಗಾತ್ರ ಮಾಡಿ ನಾಲ್ಕೂ ಕಮಾನುಗಳ ಒಳಗೆ ಅಂಟಿಸು, ಟ್ಯಾಂಕು ತುಂಬಿಸು, ಮನೆಯವರನ್ನೆಲ್ಲ ಕೂರಿಸು, ಹಂಪ್ ಇರುವ ರಸ್ತೆಯಲ್ಲಿ ಒಂದು ಸುತ್ತು ಹೊಡಿ, ಆಮೇಲೆ ಮಣ್ಣು ಎಷ್ಟು ಚಪ್ಪಟೆಯಾಗಿದೆ ನೋಡು ಅಂತ ಹೇಳಿದೆ.

ಸಂಜೆ ಫೋಟೋ ಬಂತು. ಮೂರು ಉಂಡೆ ಹಾಗೇ ಇದ್ದವು. ಹಿಂದಿನ ಎಡಗಡೆಯದು, ನೀರಿನ ಟ್ಯಾಂಕು ಇರುವ ಕಡೆಯದು, ಹಪ್ಪಳವಾಗಿತ್ತು. ಅದರ ಮೇಲೆ ಟೈರಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಕೆಳಗೆ ಒಂದೇ ಸಾಲು: ‘ಅಣ್ಣಾ, ಹಿಂದೆ 25 ಡ್ರಾಪ್ ಸಾಕಾ?’