ತಮ್ಮ ಕೆಟ್ಟಿದ್ದು ಅಪ್ಪನ ಏಟಿಗೋ, ಗಾಂಜಾಕ್ಕೋ?

ಸಿರುಗುಪ್ಪದ ಕಡೆಯಿಂದ ಒಬ್ರು ಅಕ್ಕಾರು ಕೇಳ್ಯಾರ: "ನನ್ ತಮ್ಮ ಬಳ್ಳಾರಿ ಜೈಲಿನಾಗ ಅದಾನ್ರಿ, ಕಳ್ಳತನದ ಕೇಸು. ಸಣ್ಣಾಂವಿದ್ದಾಗ ಅಪ್ಪನ ಸೈಕಲ್ ಸಪ್ಪಳ ಕೇಳಿದ್ರ ಸಾಕು, ಜೋಳದ ಚೀಲದ ಹಿಂದ ಹೋಗಿ ಕುಂದರ್ತಿದ್ದ. ಹದಿಮೂರಕ್ಕ ನಶೆಗೆ ಪಂಕ್ಚರ್ ಸೊಲ್ಯೂಷನ್ ಮೂಸಾಕ ಹತ್ತಿದ, ಆಮ್ಯಾಲ ಗಾಂಜಾ. ಊರಾಗ ಎಲ್ರೂ ಗಾಂಜಾನ ಕೆಡಿಸ್ತು ಅಂತಾರ, ಹೌದೇನ್ರಿ?"

ಅಕ್ಕಾರ, ಅರ್ಧ ಉತ್ತರ ನೀವ ಬರ್ದೀರಿ. ಚೀಲ ಮೊದ್ಲು ಬಂತು, ಗಾಂಜಾ ಆಮ್ಯಾಲ. ದಿನಾ ಏಟು ತಿನ್ನೋ ಹುಡುಗನ ಮೈ ಹಗಲೂ ರಾತ್ರಿ ಕಾವಲು ಕಾಯಾಕ ಕಲಿತೈತಿ, ದೊಡ್ಡಾಂವಾದ ಮ್ಯಾಲೂ ಬಾಗಿಲು ದಡ್ ಅಂದ್ರ ಎದಿ ಹೊಡ್ಕೊಂತೈತಿ, ಯಾರರ ದಿಟ್ಟಿಸಿ ನೋಡಿದ್ರ ಇವ ಹೊಡಿತಾನ ಅಂತ ತಾನ ಮೊದ್ಲು ಕೈ ಎತ್ತೋದು. ಅಂಥಾ ಮೈಗೆ ನಶೆ ಸಿಕ್ಕಾಗ ಮೊದಲ್ನೇ ಸಲ ಹಗುರ ಅನಸ್ತೈತಿ, ಆಮ್ಯಾಲ ಅದಕ್ಕ ರೊಕ್ಕ ಬೇಕು, ಮುಂದಿಂದು ನಿಮಗ ಗೊತ್ತೈತಿ.

ಅಮೆರಿಕದಾಗ ಫೆಲಿಟ್ಟಿ, ಆಂಡಾ ಅನ್ನೋ ಡಾಕ್ಟರ್ರು 1998ರಾಗ ಒಂದು ಸ್ಟಡಿ ಬರದ್ರು. ಕೇಳಿದ್ದು ಕೈದಿಗಳನ್ನಲ್ಲ, ಹೆಲ್ತ್ ಚೆಕಪ್ಪಿಗೆ ಬಂದ ಸಾದಾ ಮಂದೀನ. ಬಾಲ್ಯದಾಗ ನಾಕು ಥರದ್ದೋ ಅದಕ್ಕಿಂತ ಹೆಚ್ಚೋ ಕಷ್ಟ ಕಂಡೋರಿಗೆ ಕುಡಿತ, ಡ್ರಗ್ಸ್, ಡಿಪ್ರೆಶನ್ನು, ಆತ್ಮಹತ್ಯೆ ಪ್ರಯತ್ನದ ರಿಸ್ಕ್ 4ರಿಂದ 12 ಪಟ್ಟು ಜಾಸ್ತಿ ಇತ್ತು.

ಹಂಗಂತ ಹಣೆಬರಹ ಅನಬ್ಯಾಡ್ರಿ. ಕ್ಯಾಥಿ ವಿಡಮ್ ಅನ್ನೋ ಸಂಶೋಧಕಿ ಅಲ್ಲೇ ಹಿಂಸೆ, ನಿರ್ಲಕ್ಷ್ಯ ಅನುಭವಿಸಿದ ಮಕ್ಕಳ ಬೆನ್ನು ಹತ್ತಿ ನೋಡಿದ್ರು, 18ರ ಒಳಗ ಅರೆಸ್ಟ್ ಆದೋರು ನೂರಕ್ಕ 26, ಅಂಥಾ ಕಷ್ಟ ಕಾಣದ ಮಕ್ಕಳಾಗ 17. ಉಳಿದ 74 ಮಂದಿ? ಅದ ಮನ್ಯಾಗ ನೀವೂ ಬೆಳದೀರಲ್ಲ. ಮತ್ತ ರೊಕ್ಕ ಕಳ್ಕೊಂಡ ಮನಿಯವರಿಗೆ ನಿಮ್ಮಪ್ಪನ ಏಟಿನ ಕಥಿ ಹೇಳಿದ್ರ ಹೊಟ್ಟಿ ತುಂಬಂಗಿಲ್ಲ, ಅದೂ ಖರೇನ.

ಇನ್ನ ಅವನ್ನ "ಸೈಕೋ" ಅಂದೋರಿಗೆ ಕಿವಿ ಕೊಡಬ್ಯಾಡ್ರಿ. ಬ್ಯಾರೆಯವರ ಹಕ್ಕನ್ನ ಮತ್ತ ಮತ್ತ ತುಳಿಯೋ ನಡತಿಗೆ ಡಾಕ್ಟರ್ರು ಸಮಾಜವಿರೋಧಿ ವ್ಯಕ್ತಿತ್ವ ಅಂತಾರ, ಹಂಗ ಬರೀಬೇಕಂದ್ರ 18 ದಾಟಿರಬೇಕು, 15ರ ಒಳಗ ಅಂಥಾ ನಡತಿ ಶುರು ಆಗಿರಬೇಕು. ಚಟಕ್ಕ ಕದ್ದಿದ್ದೊಂದ ಸಾಲಂಗಿಲ್ಲ.

ಗಾಂಜಾ ಬಿಟ್ಟ ಮೊದಲ ವಾರ ನಿದ್ದಿ ಹಾರ್ತೈತಿ, ಸಿಟ್ಟು ಏರ್ತೈತಿ, ಜೈಲಿನಾಗ ಇದನ್ನ ಸೊಕ್ಕು ಅಂತ ತಿಳ್ಕೊಳ್ಳೋರು ಭಾಳ. ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯ ಮಾದರಿ ನಿಮ್ಹಾನ್ಸ್‌ನೋರು ಮೊದ್ಲು ಕಟ್ಟಿದ್ದು ನಮ್ಮ ಬಳ್ಳಾರಿ ಜಿಲ್ಲೆದಾಗ, 1985ರಾಗ, ಅದಕ್ಕ ತಮ್ಮಗ ಮನಸ್ಸಿನ ಡಾಕ್ಟರ್ರ ಸಹಾಯ ಕೇಳಾಕ ನಾಚಿಕಿ ಬ್ಯಾಡ. ನಿಮಗೂ ಮನಸ್ಸು ಭಾರ ಆದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ಫ್ರೀ ಐತಿ.

ಮುಂದಿನ ಸಲ ತಮ್ಮನ್ನ ನೋಡಾಕ ಹೋದಾಗ "ಯಾಕ್ ಹಿಂಗ ಮಾಡ್ದಿ" ಅನ್ನೋದು ಬಿಟ್ಟು ರಾತ್ರಿ ನಿದ್ದಿ ಬರ್ತೈತೇನು ಅಂತ ಕೇಳ್ರಿ, ಅವ ಹೇಳಿದ್ದನ್ನ ಒಂದು ಹಾಳ್ಯಾಗ ಬರ್ದು ಜೈಲಿನ ಡಾಕ್ಟರ್ರಿಗೆ ಮುಟ್ಟಸ್ರಿ.