ನಲ್ ಅಂದ್ರೆ ಯಾವ ತಾರೀಖು?

ಲೈಬ್ರರಿಯ ರಿಜಿಸ್ಟರ್ ನೆನಪಿಸಿಕೊಳ್ಳಿ. ಪುಸ್ತಕ ಕೊಟ್ಟ ತಾರೀಖು, ಗಡುವು, ವಾಪಸ್ ಬಂದ ತಾರೀಖು ಅಂತ ಮೂರು ಕಾಲಂ. ಪುಸ್ತಕ ಇನ್ನೂ ಓದುಗರ ಮನೆಯಲ್ಲೇ ಇದ್ದರೆ ಮೂರನೇ ಕಾಲಂ ಖಾಲಿ. ಡೇಟಾಬೇಸ್‌ನಲ್ಲಿ ಈ ಖಾಲಿ ಜಾಗಕ್ಕೆ ನಲ್ ಎನ್ನುತ್ತಾರೆ. ಅದು ಸೊನ್ನೆಯಲ್ಲ, ಹಳೆಯ ತಾರೀಖೂ ಅಲ್ಲ. ಇಲ್ಲಿ ಏನೂ ಬರೆದಿಲ್ಲ ಎಂಬ ಗುರುತು, ಅಷ್ಟೇ.

ಈಗ ತಡವಾದ ಪುಸ್ತಕಗಳ ಪಟ್ಟಿ ಬೇಕು. 'ವಾಪಸ್ ಬಂದ ತಾರೀಖು > ಗಡುವು' ಎಂದು ಎಸ್‌ಕ್ಯೂಎಲ್‌ನಲ್ಲಿ, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಹಾಕುವ ಭಾಷೆಯಲ್ಲಿ, ಕೇಳುತ್ತೀರಿ. ತಡವಾಗಿ ಬಂದವೆಲ್ಲ ಸಿಗುತ್ತವೆ. ಬರದೇ ಉಳಿದ ಪುಸ್ತಕ ಮಾತ್ರ ಒಂದೂ ಸಿಗುವುದಿಲ್ಲ! ನಮಗೆ ಮುಖ್ಯವಾಗಿ ಬೇಕಿದ್ದದ್ದು ಅವೇ ಅಲ್ವಾ?

ಎಸ್‌ಕ್ಯೂಎಲ್‌ಗೆ ಹೌದು, ಇಲ್ಲ ಎಂಬ ಎರಡೇ ಉತ್ತರವಲ್ಲ, 'ಗೊತ್ತಿಲ್ಲ' ಎಂಬ ಮೂರನೆಯದೂ ಇದೆ. ನಲ್ ಜೊತೆ ಯಾವ ತಾರೀಖನ್ನು ಹೋಲಿಸಿದರೂ ಉತ್ತರ 'ಗೊತ್ತಿಲ್ಲ'. ಯಾವ ಸಾಲುಗಳು ಬೇಕೆಂದು ಹೇಳುವ ವೇರ್ ಷರತ್ತು 'ಹೌದು' ಬಂದ ಸಾಲುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಷರತ್ತಿನ ಮುಂದೆ ನಾಟ್ (ಅಲ್ಲ) ಹಾಕಿ ತಿರುಗಿಸಿದರೂ ಉತ್ತರ ಬದಲಾಗದು. ಹಾಗಾಗಿ ಆ ಪುಸ್ತಕ ತಡವಾದವುಗಳ ಪಟ್ಟಿಯಲ್ಲೂ ಇಲ್ಲ, ಸಮಯಕ್ಕೆ ಬಂದವುಗಳ ಪಟ್ಟಿಯಲ್ಲೂ ಇಲ್ಲ. '= ನಲ್' ಎಂದು ಹುಡುಕಿದರೂ ಸಿಗದು, 'ಈಸ್ ನಲ್' ಎಂದೇ ಕೇಳಬೇಕು.

ಒಂದು ಪ್ರೋಗ್ರಾಮಿಂಗ್ ಭಾಷೆಯಿಂದ ಇನ್ನೊಂದಕ್ಕೆ ಇದು ಬೇರೆ ಬೇರೆ. ಜಾವಾದಲ್ಲಿ ತಾರೀಖು ಇಡುವ ಲೋಕಲ್‌ಡೇಟ್‌ನಲ್ಲಿ, 'ಇದು ಅದಕ್ಕಿಂತ ಮೊದಲಿನದೇ' ಎಂದು ಕೇಳುವ ಈಸ್‌ಬಿಫೋರ್‌ಗೆ ನಲ್ ಕೊಟ್ಟರೆ ನಲ್ ಪಾಯಿಂಟರ್ ಎಕ್ಸೆಪ್ಷನ್ ಎಂಬ ದೋಷ ಬರುತ್ತದೆ. ನನಗೆ ಇದೇ ಇಷ್ಟ, ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಸಿ ಶಾರ್ಪ್‌ನಲ್ಲಿ ನಲ್ ಅನ್ನು ತಾರೀಖಿನ ಜೊತೆ ಹೋಲಿಸಿ ಚಿಕ್ಕದೇ ಎಂದರೂ, ದೊಡ್ಡದೇ ಎಂದರೂ ಸದ್ದಿಲ್ಲದೆ 'ಇಲ್ಲ' ಎನ್ನುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ನಲ್‌ನಿಂದ ಡೇಟ್ ಮಾಡಿದರೆ 1970ರ ಜನವರಿ 1 ಹುಟ್ಟುತ್ತದೆ, ಭಾರತದ ಗಡಿಯಾರದಲ್ಲಿ ಬೆಳಗಿನ 5:30. ಸ್ಕ್ರೀನ್ ಮೇಲೆ ಸುಮ್ಸುಮ್ನೆ 1970 ಕಂಡರೆ ಮೊದಲು ನಲ್ ಮೇಲೆ ಅನುಮಾನ ಪಡಿ.

ಸರಿ, ಏನು ಮಾಡಬೇಕು? ಕೋಡ್ ಬರೆಯೋ ಮುಂಚೆ, ಈ ಜಾಗ ಯಾಕೆ ಖಾಲಿ ಎಂದು ಕೇಳಿಕೊಳ್ಳಿ. ಕೆಲಸ ಬಿಟ್ಟ ತಾರೀಖು ಖಾಲಿ ಇದ್ದರೆ ಆ ವ್ಯಕ್ತಿ ಇನ್ನೂ ಕೆಲಸದಲ್ಲಿರಬಹುದು. ಹೋಲಿಸುವಾಗ 9999ರ ಡಿಸೆಂಬರ್ 31 ಎಂದುಕೊಂಡರೆ ನಡೆಯುತ್ತದೆ. ಅದನ್ನೇ ಟೇಬಲ್‌ನಲ್ಲಿ ಉಳಿಸಬೇಡಿ, ಆಮೇಲೆ ಸರಾಸರಿ ಲೆಕ್ಕವೆಲ್ಲ ಕೆಡುತ್ತದೆ. ಹುಟ್ಟಿದ ತಾರೀಖು ಖಾಲಿ ಇದ್ದರೆ ಯಾವ ತಾರೀಖನ್ನೂ ತುಂಬುವಂತಿಲ್ಲ, ಆ ಸಾಲನ್ನು ಬೇರೆಯಾಗಿ ತೋರಿಸಬೇಕು.

ಲೈಬ್ರರಿಗೆ ಬೇಕಿರುವುದು ಇವತ್ತಿನ ತಾರೀಖು. ಕೋಅಲೆಸ್ ಎಂಬ ಫಂಕ್ಷನ್‌ಗೆ ವಾಪಸ್ ಬಂದ ತಾರೀಖು, ಇವತ್ತಿನ ತಾರೀಖು ಎರಡನ್ನೂ ಕೊಡಿ. ಮೊದಲನೆಯದು ನಲ್ ಆಗಿದ್ದರೆ ಅದು ಎರಡನೆಯದನ್ನು ಎತ್ತಿಕೊಳ್ಳುತ್ತದೆ. ಸಿಕ್ಕ ತಾರೀಖನ್ನು ಗಡುವಿನ ಜೊತೆ ಹೋಲಿಸಿ. ಇವತ್ತು ಜೂನ್ 25 ಎಂದುಕೊಳ್ಳಿ. ಜೂನ್ 10ರ ಗಡುವು ದಾಟಿ ಇನ್ನೂ ಬರದ ಪುಸ್ತಕ ಈಗ ಪಟ್ಟಿಗೆ ಬರುತ್ತದೆ. ಜೂನ್ 30ರ ಗಡುವಿನದು ಬರುವುದಿಲ್ಲ.