ಲೋಕಲ್ ಬ್ರೋಕರ್ ಕ್ಲೌಡ್‌ಗೆ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಮಾಸ್ಕಿಟೋ ಬ್ರೋಕರ್ (ಎಂಕ್ಯೂಟಿಟಿ ಎಂಬ ಪದ್ಧತಿಯಲ್ಲಿ ಸಾಧನಗಳ ನಡುವೆ ಮೆಸೇಜ್ ಹಂಚುವ ಸಾಫ್ಟ್‌ವೇರ್) ಹಾಕಿದ್ದೇನೆ. ಅದೇ ಮಷಿನ್‌ನಿಂದ ಟೆಸ್ಟ್ ಮಾಡಿದರೆ ಮೆಸೇಜ್ ಹೋಗುತ್ತೆ, ಬರುತ್ತೆ. ಕ್ಲೌಡ್‌ನಲ್ಲಿ 192.168.1.20, ಪೋರ್ಟ್ 1883 ಅಂತ ಕೊಟ್ಟರೆ ಮಾತ್ರ ಕನೆಕ್ಟ್ ಆಗಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಮೊದಲ ತಪ್ಪು ನಿಮ್ಮ ಪ್ರಶ್ನೆಯೊಳಗೇ ಕೂತಿದೆ. 192.168ರಿಂದ ಶುರುವಾಗುವ ಐಪಿ ನಿಮ್ಮ ರೂಟರ್‌ನ ಒಳಗಡೆ ಮಾತ್ರ ನಡೆಯುವ ವಿಳಾಸ. ಕ್ಲೌಡ್ ಸರ್ವರ್ ಅದನ್ನು ತನ್ನದೇ ನೆಟ್‌ವರ್ಕ್‌ನಲ್ಲಿ ತಡಕಾಡಿ ಕೈಚೆಲ್ಲುತ್ತದೆ. 10ರಿಂದ ಶುರುವಾಗುವ ಐಪಿಗಳದ್ದೂ ಇದೇ ಕಥೆ.

ಹಾಗಾದರೆ ಪಬ್ಲಿಕ್ ಐಪಿ ಕೊಟ್ಟು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ರೂಟರ್‌ಗೆ ಬಂದ ಕನೆಕ್ಷನ್ನನ್ನು ಒಳಗಿನ ಪೈಗೆ ದಾಟಿಸುವುದು) ಮಾಡಿದರೆ ಆಯಿತೇ? ಮಾಡಿ ನೋಡಿ, ಆದರೆ ಬರುವ ಎರರನ್ನು ಗಮನವಿಟ್ಟು ಓದಿ. 'ಟೈಮ್‌ಔಟ್' ಅಂದರೆ ಪ್ಯಾಕೆಟ್ ದಾರಿಯಲ್ಲೇ ಮಾಯ. ಹೆಚ್ಚಾಗಿ ಯಾವುದೋ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲುಗಾರ) ಸದ್ದಿಲ್ಲದೆ ನುಂಗಿರುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಖುಷಿಪಡಿ: ಮಷಿನ್‌ವರೆಗೆ ತಲುಪಿದ್ದೀರಿ, ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ, ಅಷ್ಟೇ.

ಮಾಸ್ಕಿಟೋದಲ್ಲಿ ಈ ಎರಡನೆಯದು ಸರ್ವೇಸಾಮಾನ್ಯ. 2.0 ಆವೃತ್ತಿಯಿಂದೀಚೆಗೆ, ಕಾನ್ಫಿಗ್ ಫೈಲ್‌ನಲ್ಲಿ ಲಿಸನರ್ ಸಾಲು (ಎಲ್ಲಿ ಕಿವಿಗೊಡಬೇಕೆಂದು ಹೇಳುವ ಸಾಲು) ಇಲ್ಲದಿದ್ದರೆ ಬ್ರೋಕರ್ ಲೋಕಲ್‌ಹೋಸ್ಟ್‌ಗೆ, ಅಂದರೆ ಅದೇ ಮಷಿನ್‌ನಿಂದ 127.0.0.1 ವಿಳಾಸಕ್ಕೆ ಬರುವ ಕನೆಕ್ಷನ್‌ಗಳಿಗೆ, ಮಾತ್ರ ಕಿವಿಗೊಡುತ್ತದೆ. ಅದಕ್ಕೇ ನಿಮ್ಮ ಟೆಸ್ಟ್ ಪಾಸಾಗಿದ್ದು. ಪೈನಲ್ಲಿ ತೆರೆದಿರುವ ಪೋರ್ಟ್‌ಗಳ ಪಟ್ಟಿ ತೆಗೆಯಿರಿ: 1883ರ ಮುಂದೆ 127.0.0.1 ಅಂತ ಮಾತ್ರ ಇದ್ದರೆ ಅಪರಾಧಿ ಸಿಕ್ಕಿದ ಹಾಗೆ. ಲಿಸನರ್ ಸಾಲು ಸೇರಿಸಿದ ಮೇಲೆ ಇನ್ನೊಂದು ಬಾಗಿಲು ಎದುರಾಗುತ್ತದೆ. ಪಾಸ್‌ವರ್ಡ್ ಇಲ್ಲದೆ ಬರುವವರನ್ನು ಬ್ರೋಕರ್ ಆಗ ಒಳಗೆ ಬಿಡುವುದಿಲ್ಲ.

ಇಷ್ಟಾದರೂ ಟೈಮ್‌ಔಟ್ ಬಿಡದಿದ್ದರೆ ರೂಟರ್‌ನ ವ್ಯಾನ್ (WAN) ಐಪಿ, ಅಂದರೆ ಸರ್ವಿಸ್ ಪ್ರೊವೈಡರ್ ಕಡೆಗಿರುವ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಸರ್ವಿಸ್ ಪ್ರೊವೈಡರ್ ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚಿದ್ದಾರೆ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ನೀರಿನಲ್ಲಿ ಹೋಮ.

ನಿಜ ಹೇಳಬೇಕೆಂದರೆ ನಾನು ಈ ದಾರಿ ಹಿಡಿಯುವುದೇ ಇಲ್ಲ. 1883ರಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡ್ ಕೂಡ ಬಿಚ್ಚಿಟ್ಟ ಹಾಗೇ ಹೋಗುತ್ತದೆ, ಅದನ್ನು ಇಂಟರ್ನೆಟ್‌ಗೆ ತೆರೆದಿಡುವುದು ಯಾಕೆ? ದಿಕ್ಕು ತಿರುಗಿಸಿ. ಕ್ಲೌಡ್‌ನಲ್ಲಿ ಒಂದು ಬ್ರೋಕರ್ ಇಟ್ಟು, ನಿಮ್ಮ ಬ್ರೋಕರೇ 8883ರಲ್ಲಿ ಟಿಎಲ್‌ಎಸ್ (ಮೆಸೇಜ್‌ಗಳನ್ನು ಗುಪ್ತಲಿಪಿಯಲ್ಲಿ ಕಳಿಸುವ ವಿಧಾನ) ಮೂಲಕ ಅದಕ್ಕೆ ಕನೆಕ್ಟ್ ಆಗಲಿ. ಇದಕ್ಕೆ ಬ್ರಿಡ್ಜ್ ಅನ್ನುತ್ತಾರೆ, ಮಾಸ್ಕಿಟೋದಲ್ಲೇ ಇದೆ. ಹೊರಗೆ ಹೋಗುವ ಕನೆಕ್ಷನ್ ಆದ್ದರಿಂದ ಪೋರ್ಟ್ ಫಾರ್ವರ್ಡ್‌ನ ಗೊಡವೆಯೇ ಇಲ್ಲ. ಸರ್ಟಿಫಿಕೇಟ್ (ಟಿಎಲ್‌ಎಸ್‌ನಲ್ಲಿ ಸರ್ವರ್ ತೋರಿಸುವ ಗುರುತಿನ ಚೀಟಿ) ಎರರ್ ಬಂದರೆ ಮೊದಲು ಪೈನ ಗಡಿಯಾರ ನೋಡಿ. ಪೈ 4 ಮತ್ತು ಅದಕ್ಕೂ ಹಳೆಯವುಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದಾಗ ಹಳೇ ತಾರೀಖಿನಲ್ಲಿ ಎದ್ದು, 'ಈ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ' ಎಂದು ಹಟ ಹಿಡಿಯುತ್ತದೆ.

ಬ್ರಿಡ್ಜ್ ಕನೆಕ್ಟ್ ಆಗಿ ಕೆಲವೇ ಸೆಕೆಂಡ್‌ಗೆ ಕಡಿದುಹೋಗಿ ಮತ್ತೆ ಕನೆಕ್ಟ್ ಆಗುತ್ತಿದ್ದರೆ ನೆಟ್‌ವರ್ಕನ್ನು ಬಯ್ಯಬೇಡಿ. ನಾನೊಮ್ಮೆ ಇಡೀ ಸಂಜೆ ರೂಟರ್ ಆಫ್ ಆನ್ ಮಾಡುತ್ತಾ ಕೂತಿದ್ದೆ. ಕೊನೆಗೆ ಕ್ಲೌಡ್ ಬ್ರೋಕರ್‌ನ ಲಾಗ್ ತೆರೆದರೆ ಸಾಲುಸಾಲಾಗಿ ಒಂದೇ ಮಾತು: ಈ ಕ್ಲೈಂಟ್ ಆಗಲೇ ಕನೆಕ್ಟ್ ಆಗಿದೆ, ಹಳೇ ಕನೆಕ್ಷನ್ ಮುಚ್ಚುತ್ತಿದ್ದೇನೆ. ಒಂದು ಕ್ಲೈಂಟ್ ಐಡಿಗೆ (ಬ್ರೋಕರ್‌ಗೆ ಕನೆಕ್ಟ್ ಆಗುವವರು ಹೇಳಿಕೊಳ್ಳುವ ಹೆಸರಿಗೆ) ಒಂದೇ ಕನೆಕ್ಷನ್ ಎನ್ನುವುದು ಎಂಕ್ಯೂಟಿಟಿಯ ನಿಯಮ. ಅದೇ ಕಾನ್ಫಿಗ್ ಕಾಪಿ ಮಾಡಿದ್ದ ಟೆಸ್ಟ್ ಪೈ ಒಂದು ಮೇಜಿನ ಕೆಳಗೆ ಇನ್ನೂ ಓಡುತ್ತಿತ್ತು.